ರಿಶಿರಿ ಗುಡ್ಡಕ್ಕೆ ಖಂಡೆಪ್ಪನವರ ಒಡ್ಡು

ಜಪಾನಿನ ಉತ್ತರದ ತುದಿಯಲ್ಲಿ, ಸಮುದ್ರದ ನಡುವೆ ನಿಂತಿರುವ ರಿಶಿರಿ ಎಂಬ ಪರ್ವತವನ್ನು ಕಲಬುರಗಿಯ ಸೇಡಂ ರಸ್ತೆಯ ಒಂದು ಮನೆಯಲ್ಲಿ ಊಟದ ಮೇಜಿನ ಮೇಲೆ ಹರವಿಕೊಂಡು ಇಪ್ಪತ್ತು ಪಟ್ಟು ಗಿಡ್ಡ ಮಾಡಿದ ಮಹಾನುಭಾವರ ಹೆಸರು ಖಂಡೆಪ್ಪ. ಈ ಕಥೆಯನ್ನು ಬೇರೆಯವರು ಹೇಳಿದರೆ ಅವರಿಗೆ ಮೈಯೆಲ್ಲ ಉರಿಯುತ್ತದೆ. ತಾವೇ ಹೇಳುವಾಗ ಮಾತ್ರ ಏನನ್ನೂ ಮುಚ್ಚಿಡುವುದಿಲ್ಲ. ಉಪ್ಪು ಖಾರ ಹಚ್ಚಿ, ತಮ್ಮ ಮಾನವನ್ನು ತಾವೇ ಹರಾಜಿಗಿಟ್ಟು ಹೇಳುತ್ತಾರೆ. ಅವರು ಹೇಳಿದ್ದನ್ನೇ ಇಲ್ಲಿ ಬರೆದಿದೆ. ಅವರು ಮರೆತಂತೆ ಮಾಡಿದ್ದನ್ನು ಅವರ ಹೆಂಡತಿ ವಿಮಲಾಬಾಯಿ ಸೇರಿಸಿದ್ದಾರೆ.

ಖಂಡೆಪ್ಪನವರು ಭೂಸಾರ ಸಂರಕ್ಷಣೆಯ ಕೆಲಸದಲ್ಲಿ ಮೂವತ್ನಾಲ್ಕು ವರ್ಷ ಸವೆಸಿ ನಿವೃತ್ತರಾದವರು. ಕೆಲಸ ಏನೆಂದರೆ, ಹೊಲದಲ್ಲಿ ಒಂದೇ ಎತ್ತರದಲ್ಲಿರುವ ಜಾಗಗಳನ್ನು ಡಂಪಿ ಲೆವೆಲ್ ಎಂಬ ಅಳತೆಯ ದುರ್ಬೀನಿನಲ್ಲಿ ನೋಡಿ ಹುಡುಕುವುದು, ಹುಡುಕಿದ್ದನ್ನು ಸುಣ್ಣದ ಗೆರೆಯಿಂದ ಕೂಡಿಸುವುದು. ಆ ಗೆರೆಗೆ ಕಂಟೂರ್ ಎನ್ನುತ್ತಾರೆ. ಅದರ ಗುಂಟ ಮಣ್ಣಿನ ಒಡ್ಡು ಹಾಕಿದರೆ ಮಳೆಯ ನೀರು ಹೊಲದ ಮಣ್ಣನ್ನು ಹೊತ್ತುಕೊಂಡು ಓಡುವುದಿಲ್ಲ. ಕಲಬುರಗಿ ಸೀಮೆಯ ಎರೆ ಹೊಲಗಳಲ್ಲಿ ಏರಿಳಿತ ಅನ್ನುವುದು ಹುಡುಕಿದರೆ ಮಾತ್ರ ಸಿಗುವ ವಸ್ತು. ಹಾಗಾಗಿ ಅವರು ಬರೆಯುತ್ತಿದ್ದ ನಕ್ಷೆಗಳಲ್ಲಿ ಒಂದು ಗೆರೆಗೂ ಮುಂದಿನ ಗೆರೆಗೂ ಅರ್ಧ ಮೀಟರ್ ಎತ್ತರದ ಅಂತರ. ಮೂವತ್ನಾಲ್ಕು ವರ್ಷ ಅರ್ಧ ಮೀಟರ್, ಅರ್ಧ ಮೀಟರ್ ಎಂದು ಎಣಿಸಿ ಎಣಿಸಿ, ಅವರಿಗೆ ಎಲ್ಲಿ ಗೆರೆ ಕಂಡರೂ ಅರ್ಧ ಮೀಟರೇ ಕಾಣುತ್ತಿತ್ತು.

“ನಾ ಹಾಕಿದ ಒಡ್ಡು ಒಂದೂ ಒಡದಿಲ್ಲ” ಎನ್ನುವುದು ಅವರ ಖಾಯಂ ಮಾತು. ಮದುವೆ ಮನೆಯಲ್ಲಿ ಹೇಳುತ್ತಿದ್ದರು, ಕಟಿಂಗ್ ಅಂಗಡಿಯಲ್ಲಿ ಹೇಳುತ್ತಿದ್ದರು. ಒಮ್ಮೆ ಬೀಗರೊಬ್ಬರ ಮಣ್ಣಿಗೆ ಹೋದಾಗ ಕುಣಿಯ ಅಂಚಿಗೆ ನಿಂತು, ನೆಲದ ಇಳಿಜಾರು ಯಾವ ಕಡೆಗಿದೆ ಎಂದು ನೋಡಿ, ಅಲ್ಲೂ ಹೇಳಿದ್ದರು. ಇನ್ನೊಂದು ಮಾತನ್ನು ಅವರು ಎಲ್ಲೂ ಹೇಳಿರಲಿಲ್ಲ. “ತಪ್ಪಾಯ್ತು” ಅನ್ನುವುದು ಅವರ ಬಾಯಿಂದ ಆಫೀಸಿನಲ್ಲೂ ಬಿದ್ದಿರಲಿಲ್ಲ, ಮನೆಯಲ್ಲೂ ಬಿದ್ದಿರಲಿಲ್ಲ. ತಪ್ಪು ಮಾಡಿರಲಿಲ್ಲ ಅಂತಲ್ಲ. ಹೇಳುವ ಅಭ್ಯಾಸ ಇರಲಿಲ್ಲ ಅಷ್ಟೇ.

ಅವರ ಮಗಳು ಶೀಲಾ ಊರಲ್ಲೇ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಜುಲೈ ತಿಂಗಳಲ್ಲಿ ಜಪಾನಿನ ಸಪ್ಪೊರೊದಲ್ಲಿ ಅವಳದೊಂದು ವಿಚಾರ ಸಂಕಿರಣವಿತ್ತು. ಅದು ಮುಗಿದ ಮೇಲೆ ಮೂರು ದಿನ ಬಿಡುವು. ರಿಶಿರಿ ಪರ್ವತದ ಮೇಲ್ಭಾಗದಲ್ಲಿ ತಿಳಿಹಳದಿ ಬಣ್ಣದ ಗಸಗಸೆ ಜಾತಿಯ ಹೂವೊಂದು ತಾನಾಗಿ ಅರಳುತ್ತದೆ, ಅದನ್ನು ಕಣ್ಣಾರೆ ನೋಡಬೇಕು ಅನ್ನುವುದು ಅವಳ ಬಹುದಿನದ ಆಸೆ. ಏಪ್ರಿಲ್‌ನ ಒಂದು ಭಾನುವಾರ ಜಪಾನ್ ಸರ್ಕಾರದ ನಕ್ಷೆಯನ್ನು ಪ್ರಿಂಟ್ ತೆಗೆಸಿಕೊಂಡು ತವರಿಗೆ ಬಂದಳು.

“ಅಪ್ಪಾ, ಇದನ್ನ ಸ್ವಲ್ಪ ನೋಡಿ ಹೇಳು. ಅಕ್ಷರ ಜಪಾನೀ, ನನಗೂ ಬರಂಗಿಲ್ಲ. ಗೆರಿ ಅಷ್ಟೂ ನಿನ್ನವ” ಅಂದಳು.

ನಿವೃತ್ತಿಯಾದ ಮೇಲೆ ಖಂಡೆಪ್ಪನವರನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಗ್ಯಾಸ್ ಸಿಲಿಂಡರ್ ಬಂತೇನು ಎಂದು ಕೇಳುವುದನ್ನು ಬಿಟ್ಟರೆ. ಅವರು ಕನ್ನಡಕ ಒರೆಸಿಕೊಂಡರು. ಸೊಂಟ ನೆಟ್ಟಗಾಯಿತು. ಹಳೆಯ ಪೆಟ್ಟಿಗೆಯಿಂದ ಸ್ಕೇಲು, ದಾರ, ಭೂತಗನ್ನಡಿ ಎಲ್ಲ ಹೊರಬಂದವು. ಶೀಲಾ ತನಗೆ ಗೊತ್ತಿದ್ದಷ್ಟನ್ನು ನಕ್ಷೆಯ ಮೇಲೆ ಕನ್ನಡದಲ್ಲಿ ಗುರುತು ಹಾಕಿಕೊಟ್ಟಳು: ಉತ್ತರದಿಂದ ಹತ್ತುವ ಒಶಿದೊಮರಿ ದಾರಿ, ಅದು ಶುರುವಾಗುವ ಟೆಂಟ್ ಹಾಕುವ ಬಯಲು, ಪಶ್ಚಿಮದಿಂದ ಹತ್ತುವ ಕುತ್ಸುಗತಾ ದಾರಿ, ಎರಡೂ ದಾರಿ ಶಿಖರದ ಹತ್ತಿರ ಕೂಡುವ ಜಾಗ. ತಳದಿಂದ ತುದಿಯವರೆಗೆ ದಾರಿಯನ್ನು ಹತ್ತು ಪಾಲು ಮಾಡಿ ಪಾಲಿಗೊಂದು ಫಲಕ ನೆಟ್ಟಿರುತ್ತಾರಂತೆ. “ಅಂದ್ರ ನಮ್ಮ ಬಸ್ಸಿನ ಸ್ಟೇಜ್ ಇದ್ದಂಗ” ಎಂದು ಖಂಡೆಪ್ಪನವರು ಬಗೆಹರಿಸಿದರು. ಮಗಳು ಇನ್ನೇನೋ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವರು ಎಣಿಸಲು ಶುರು ಮಾಡಿಯಾಗಿತ್ತು.

ಟೆಂಟ್ ಹಾಕುವ ಬಯಲಿನಿಂದ ಶಿಖರದವರೆಗೆ ನೂರೈವತ್ತು ಗೆರೆ. ಗೆರೆಗೆ ಅರ್ಧ ಮೀಟರ್. ಒಟ್ಟು ಎಪ್ಪತ್ತೈದು ಮೀಟರ್ ಏರು. ದಾರದಿಂದ ಅಳೆದರೆ ದಾರಿಯ ಉದ್ದ ಆರು ಕಿಲೋಮೀಟರ್. ಆರು ಸಾವಿರ ಮೀಟರ್ ನಡಿಗೆಗೆ ಎಪ್ಪತ್ತೈದು ಮೀಟರ್ ಏರು ಅಂದರೆ ಇಳಿಜಾರು ನೂರಕ್ಕೆ ಒಂದೂಕಾಲು.

“ಇದಕ್ಕ ಗುಡ್ಡ ಅಂತಾರೇನವ್ವ? ಒಂದೂಕಾಲು ಪರ್ಸೆಂಟ್ ಅದ. ಇದರ ಮ್ಯಾಲ ನೀರು ಹರೀಬೇಕಂದ್ರೂ ಎರಡ ಸಲ ವಿಚಾರ ಮಾಡ್ತದ.”

“ಆದ್ರ ತುದೀಗೆ ಒಂದ ಸಾವಿರದ ಏಳನೂರ ಇಪ್ಪತ್ತೊಂದು ಅಂತ ಬರದಾರಲ್ಲಪ್ಪಾ?”

“ಅದು ಸಮುದ್ರದ ಮಟ್ಟದಿಂದ. ಕಲಬುರಗಿನೂ ಸಮುದ್ರದಿಂದ ನಾನೂರೈವತ್ತು ಮೀಟರ್ ಮ್ಯಾಲದ. ನೀ ದಿನಾ ಹತ್ತಿ ಬರ್ತೀ ಏನು? ಹುಟ್ಟಿದಾಗಿಂದ ಮ್ಯಾಲ ಇದ್ದೀವಿ. ಬಂದರದಿಂದ ಟೆಂಟಿನ ಬಯಲಿನ ಮಟ ಬಸ್ಸು ಹತ್ತಿಸಿ ಬಿಡ್ತದ. ಉಳದದ್ದು ಇಷ್ಟ.”

“ಹೋಗಿ ಬರಾಕ ಹತ್ತು ತಾಸು ಬೇಕು ಅಂತ ಅವರ ವೆಬ್‌ಸೈಟಿನಾಗ ಅದ.”

ಖಂಡೆಪ್ಪನವರು ನಕ್ಕರು. ಒಂದು ದಿನದ ಅಳತೆಗೆ ಮೂರು ದಿನ ಎಂದು ಅವರೇ ಸರ್ವಿಸ್ಸಿನುದ್ದಕ್ಕೂ ಬರೆದವರು. ಸರ್ಕಾರಿ ಅಂದಾಜು ಅಂದರೆ ಏನು ಎಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. “ಜಪಾನಾದ್ರೇನು, ಇಲಾಖೆ ಇಲಾಖೆನ” ಅಂದರು. ಶೀಲಾ ವಾದ ಬೆಳೆಸಲಿಲ್ಲ. ಸಂಕಿರಣದ ಪ್ರಬಂಧ ಇನ್ನೂ ಅರ್ಧ ಉಳಿದಿತ್ತು, ಮೇಲಾಗಿ ಅಪ್ಪ ಇಷ್ಟು ಲವಲವಿಕೆಯಿಂದ ಮಾತಾಡಿ ಎಂಟು ವರ್ಷವಾಗಿತ್ತು.

ಅಲ್ಲಿಯವರೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ವಿಮಲಾಬಾಯಿ ಕೈ ಒರೆಸಿಕೊಳ್ಳುತ್ತ ಮೇಜಿನ ಹತ್ತಿರ ಬಂದರು.

“ಅಂದ್ರ ನಾನೂ ಹತ್ತಬಹುದೇನ್ರೀ?”

ಖಂಡೆಪ್ಪನವರು ನಕ್ಷೆಯಿಂದ ತಲೆ ಎತ್ತಲಿಲ್ಲ. “ನೀ ಏನು, ನಿಮ್ಮವ್ವ ಇದ್ದಿದ್ರ ಅವರೂ ಹತ್ತತಿದ್ರು” ಅಂದುಬಿಟ್ಟರು.

ವಿಮಲಾಬಾಯಿಯ ತವರು ಕಮಲಾಪುರ. ಅವರಪ್ಪನ ಕೆಂಪು ಬಾಳೆಯ ತೋಟದ ಹಿಂದೆಯೇ ಒಂದು ಗುಡ್ಡವಿದೆ. ಅಣ್ಣಂದಿರು ಅದನ್ನು ಹತ್ತಿ ಸೀತಾಫಲ ಕಿತ್ತು ತರುತ್ತಿದ್ದರು. ಹೆಣ್ಣುಮಗಳು ಕೆಳಗೆ ಸೆರಗು ಒಡ್ಡಿಕೊಂಡು ನಿಲ್ಲಬೇಕು. ಮೇಲಿಂದ ಏನೇನು ಕಾಣುತ್ತದೆ ಎಂದು ಅಣ್ಣಂದಿರು ಹೇಳುತ್ತಿದ್ದರು, ಇವರು ಕೇಳಿಸಿಕೊಳ್ಳುತ್ತಿದ್ದರು. ಹತ್ತೊಂಬತ್ತಕ್ಕೆ ಮದುವೆಯಾಗಿ ಸಪಾಟು ಕಲಬುರಗಿಗೆ ಬಂದರು. ಮಕ್ಕಳಾದವು, ಆಮೇಲೆ ಮೊಣಕಾಲು ನೋವು ಬಂತು. ಅರವತ್ತೊಂದರವರೆಗೆ ಅವರು ಹತ್ತಿದ ಅತಿ ಎತ್ತರದ ಜಾಗ ಅಂದರೆ ಮನೆಯ ಮಾಳಿಗೆ, ಅದೂ ಹಪ್ಪಳ ಒಣಹಾಕಲು. ಒಂದು ಸಲವಾದರೂ ಗುಡ್ಡದ ಮೇಲೆ ನಿಂತು ಕೆಳಗೆ ನೋಡಬೇಕು ಅನ್ನುವ ಆಸೆಯನ್ನು ಅವರು ಯಾರ ಮುಂದೆಯೂ ಆಡಿರಲಿಲ್ಲ. ಅಣ್ಣನ ಮಗ ದುಬೈಗೆ ಕರೆದಿದ್ದಾನೆಂದು ಮೂರು ವರ್ಷದ ಹಿಂದೆ ಮಾಡಿಸಿದ್ದ ಪಾಸ್‌ಪೋರ್ಟು ಅಲಮಾರಿಯಲ್ಲಿ ರೇಷ್ಮೆ ಸೀರೆಗಳ ಕೆಳಗೆ ಹಾಗೇ ಇತ್ತು. ಅದನ್ನು ತಂದು ನಕ್ಷೆಯ ಮೇಲಿಟ್ಟರು.

ಮುಂದಿನದೆಲ್ಲ ಬಹಳ ಬೇಗ ಆಯಿತು. ವೀಸಾ ಬಂತು, ತಾಯಿ ಮಗಳಿಬ್ಬರ ಟಿಕೆಟ್ ಆಯಿತು, ಪಾಸ್‌ಪೋರ್ಟಿಲ್ಲದ ಖಂಡೆಪ್ಪನವರು ಮನೆ ಕಾಯುವುದು ಎಂದಾಯಿತು. ವಿಮಲಾಬಾಯಿ ಸೀರೆಯ ಕೆಳಗೆ ಬಿಳಿ ಬೂಟು ಹಾಕಿಕೊಂಡು ದಿನಾ ಬೆಳಿಗ್ಗೆ ಕುಸನೂರಿನ ದಾರಿ ಹಿಡಿದು ನಡೆಯತೊಡಗಿದರು. ಓಣಿಯವರು ಕೇಳಿದರೆ, “ಜಪಾನಿನಾಗ ಗುಡ್ಡಾ ಹತ್ತೂದದ. ನಮ್ಮವ್ರು ಲೆಕ್ಕಾ ಹಾಕ್ಯಾರ” ಎನ್ನುತ್ತಿದ್ದರು. ಖಂಡೆಪ್ಪನವರು ಅದನ್ನು ಗೇಟಿನ ಹಿಂದೆ ನಿಂತು ಕೇಳಿ, ಮೀಸೆಯಲ್ಲಿ ನಗುತ್ತ ಒಳಗೆ ಹೋಗುತ್ತಿದ್ದರು. ಇಲಾಖೆಯ ನಮೂನೆಯಲ್ಲೇ ಒಂದು ಕಾರ್ಯಕ್ರಮ ಪಟ್ಟಿಯನ್ನೂ ತಯಾರಿಸಿದ್ದರು. ಒಂಬತ್ತೂವರೆಗೆ ನಾಷ್ಟಾ. ಹತ್ತಕ್ಕೆ ಒಶಿದೊಮರಿ ದಾರಿಯಿಂದ ಏರುವುದು. ಹನ್ನೆರಡಕ್ಕೆ ಶಿಖರ, ರೊಟ್ಟಿ, ಶೇಂಗಾ ಹಿಂಡಿ, ಅರ್ಧ ತಾಸು ವಿಶ್ರಾಂತಿ. ಹೋದ ದಾರಿಯಲ್ಲೇ ಬಂದರೆ ಬೇಸರ ಅಂತ ಕುತ್ಸುಗತಾ ದಾರಿಯಿಂದ ಇಳಿಯುವುದು. ನಾಲ್ಕಕ್ಕೆ ದೋಣಿ. ಶೀಲಾ ಆ ಪಟ್ಟಿಯಂತೆಯೇ ವಾಪಸ್ ದೋಣಿಯನ್ನೂ ಕಾಯ್ದಿರಿಸಿದಳು. ಪಟ್ಟಿಯ ಕೆಳಗೆ ಖಂಡೆಪ್ಪನವರು ಸಹಿ ಮಾಡಿ ತಾರೀಖು ಹಾಕಿದ್ದರು.

ಜೂನ್ ಮಧ್ಯದಲ್ಲಿ, ಹೊರಡಲು ಇಪ್ಪತ್ತು ದಿನ ಇರುವಾಗ, ಗಂಡ ಹೆಂಡತಿ ಇಬ್ಬರೂ ಕಮಲಾಪುರದ ತೋಟಕ್ಕೆ ಹೋದರು. ಅಪ್ಪ ಸಾಯುವಾಗ ಅದನ್ನು ವಿಮಲಾಬಾಯಿಯ ಹೆಸರಿಗೆ ಮಾಡಿದ್ದರು. ಈಗ ನೋಡಿಕೊಳ್ಳುವವನು ಸಲಾವುದ್ದೀನ್. ಅವನು ಕಮಲಾಪುರದವನೇ, ಖಂಡೆಪ್ಪನವರ ಸರ್ವಿಸ್ಸಿನುದ್ದಕ್ಕೂ ಅವರ ಮುಂದೆ ಅಳತೆ ಪಟ್ಟಿ ಹಿಡಿದು ನಿಂತವನು. ಸಾಹೇಬರು ಲೆವೆಲ್‌ನಲ್ಲಿ ಕಣ್ಣಿಟ್ಟರೆ ಇವನು ಆ ಕಡೆ ಪಟ್ಟಿ ನೆಟ್ಟಗೆ ಹಿಡಿಯಬೇಕು. ಹಾಗೆ ನೆಟ್ಟಗೆ ನಿಂತೂ ನಿಂತೂ ಅವನ ಬೆನ್ನು ಈಗಲೂ ಬಾಗಿಲ್ಲ.

ವಿಮಲಾಬಾಯಿ ಬೂಟು ಹಾಕಿಕೊಂಡೇ ತೋಟದ ಆ ತುದಿಗೆ ಹೋಗಿ ಗುಡ್ಡ ನೋಡುತ್ತ ನಿಂತರು. ಖಂಡೆಪ್ಪನವರು ಬೇವಿನ ಮರದ ಕೆಳಗಿನ ಒಡ್ಡಿನ ಮೇಲೆ ಕೂತು, ಜೋಳಿಗೆಯಿಂದ ನಕ್ಷೆ ತೆಗೆದು, ತಮ್ಮ ವಿದ್ವತ್ತನ್ನು ಸಲಾವುದ್ದೀನನಿಗೂ ಒಂದಿಷ್ಟು ಬಡಿಸಿದರು. ಅವನು ಶ್ರದ್ಧೆಯಿಂದ ಕೇಳಿದ. ಆಮೇಲೆ ಉಗುರಿನಿಂದ ಒಂದು ಕಡೆ ಮುಟ್ಟಿದ.

“ಸಾಬ್, ಈ ಐನೂರು ಅಂತ ಅದಲ್ಲ, ಏನಿದು?”

“ಸರ್ವೆ ನಂಬರ್.”

“ಇಲ್ಲಿ ಸಾವಿರ ಅದ.”

“ಅದೂ ಸರ್ವೆ ನಂಬರ್.”

“ಐನೂರು ಆದಮ್ಯಾಲ ಸೀದಾ ಸಾವಿರ. ನಡಕಿನ ಹೊಲಾ ಯಾರು ನುಂಗಿದ್ರು ಸಾಬ್?”

ಖಂಡೆಪ್ಪನವರು ನಕ್ಕರು. ಸಲಾವುದ್ದೀನ್ ನಗಲಿಲ್ಲ. ಅವನು ಅಂಕಿಗಳನ್ನು ನೋಡಿ ಕೂಗಿ ಹೇಳುತ್ತಲೇ ಮುದುಕನಾದವನು. ಅಂಕಿ ಸುಮ್ಮನೆ ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

“ಮತ್ತ ಇನ್ನೊಂದು ಸಾಬ್. ಹೊಲದ ನಂಬರ್ ಹೊಲದ ನಡು ಬರೀತಿದ್ರಿ ನೀವು. ಇವರು ಗೆರೀ ಮ್ಯಾಲ ಯಾಕ ಬರದಾರ? ಒಡ್ಡಿಗೆ ಯಾರರ ಸರ್ವೆ ನಂಬರ್ ಕೊಡ್ತಾರಾ?”

ನಮ್ಮ ಕಡೆ ಊರಿನ ನಕ್ಷೆಯಲ್ಲಿ ಅಂಕಿ ಕಂಡರೆ ಅದು ಹೊಲದ ಸರ್ವೆ ನಂಬರೇ. ಬೇರೆ ಅಂಕಿಗೆ ಅಲ್ಲಿ ಕೆಲಸವೇ ಇಲ್ಲ. ಜ್ವಾಲಾಮುಖಿಯಿಂದ ಎದ್ದ ಪರ್ವತದ ನೆತ್ತಿಯ ಮೇಲೆ ಯಾವ ಪುಣ್ಯಾತ್ಮ ಹೊಲ ಮಾಡಿಕೊಂಡು ಪಹಣಿ ತೆಗೆಸಿದ್ದಾನೆ ಎಂಬ ಪ್ರಶ್ನೆ ಖಂಡೆಪ್ಪನವರಿಗೆ ಎರಡು ತಿಂಗಳಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಅವರು ಭೂತಗನ್ನಡಿ ತೆಗೆದು ಐನೂರರ ಗೆರೆಯಿಂದ ಸಾವಿರದ ಗೆರೆಯವರೆಗೆ ಎಣಿಸಿದರು. ಐವತ್ತು. ಇನ್ನೊಮ್ಮೆ ಎಣಿಸಿದರು. ಐವತ್ತೇ. ಐನೂರು ಮೀಟರಿಗೆ ಐವತ್ತು ಗೆರೆ, ಅಂದರೆ ಗೆರೆಗೆ ಹತ್ತು ಮೀಟರ್. ನೂರೈವತ್ತು ಗೆರೆಗೆ ಒಂದೂವರೆ ಸಾವಿರ ಮೀಟರ್. ಟೆಂಟಿನ ಬಯಲು ತಾವು ತಿಳಿದಂತೆ ಶಿಖರದ ಮಗ್ಗುಲಲ್ಲಿ ಇರಲಿಲ್ಲ, ಸಮುದ್ರದಿಂದ ಇನ್ನೂರು ಚಿಲ್ಲರೆ ಮೀಟರ್ ಮೇಲಷ್ಟೇ ಇತ್ತು.

ಹತ್ತು ತಾಸು ಎಂದು ಬರೆದ ಜಪಾನಿನವರು ಒಂದು ನಿಮಿಷವನ್ನೂ ಹೆಚ್ಚಿಗೆ ಬರೆದಿರಲಿಲ್ಲ. ಇಳಿಯಲು ತಾವು ಹೇಳಿದ ಕುತ್ಸುಗತಾ ದಾರಿಯಲ್ಲಿ ಶಿಖರದ ಕೆಳಗೆ ಗೆರೆಗಳು ಒಂದರ ಮೇಲೊಂದು ಬಿದ್ದು ಕಪ್ಪಗಾಗಿದ್ದವು. ಅಲ್ಲಿ ಅಚ್ಚು ಕೆಟ್ಟಿದೆ ಎಂದು ಅವರು ತಿಳಿದಿದ್ದರು. ಅದು ಅಚ್ಚಿನ ದೋಷವಾಗಿರಲಿಲ್ಲ, ಕಡಿದಾದ ಕಲ್ಲಿನ ಜಾರು. ಅದರ ಮೇಲೆ ಬಿಳಿ ಬೂಟಿನ, ನೋಯುವ ಮೊಣಕಾಲಿನ ವಿಮಲಾಬಾಯಿ, ಜೊತೆಗೆ ನಾಲ್ಕು ಗಂಟೆಯ ದೋಣಿ. ಹಿಡಿದ ಕೆಲಸ ಅರ್ಧಕ್ಕೆ ಬಿಡುವ ಹೆಂಗಸಲ್ಲ ಅವರು. ಮೊಣಕಾಲು ಬಾತರೂ ಬಾಯಿ ಬಿಡದೆ ಹತ್ತುತ್ತಾರೆ, ಯಾಕೆಂದರೆ ಗಂಡ ಲೆಕ್ಕ ಹಾಕಿದ್ದಾನೆ. ಖಂಡೆಪ್ಪನವರಿಗೆ ನಿಜವಾಗಿ ಹೆದರಿಕೆಯಾಯಿತು.

ಹೆದರಿದ ಮನುಷ್ಯ ನಿಜ ಹೇಳಬೇಕು. ಖಂಡೆಪ್ಪನವರು ಮೊದಲು ಬೇರೆಲ್ಲ ಪ್ರಯತ್ನ ಮಾಡಿ ನೋಡಿದರು.

“ಸಲಾವುದ್ದೀನ್, ನೀ ಹೇಳು. ನಕ್ಷಾದಾಗ ಏನೋ ಫರಕ್ ಅದ ಅನ್ನು.”

“ನಾ ಹೇಳಂಗಿಲ್ಲ ಸಾಬ್. ನಾ ಪಟ್ಟಿ ಹಿಡಿಯಾಂವ. ರೀಡಿಂಗ್ ನಿಮ್ಮದು.”

ಊಟಕ್ಕೆ ಕೂತಾಗ ಖಂಡೆಪ್ಪನವರು ರೊಟ್ಟಿ ಮುರಿಯುತ್ತ, ಆ ಗುಡ್ಡದಲ್ಲಿ ಕರಡಿ ಬಹಳ ಇವೆಯಂತೆ, ಹೋಗುವುದು ಅಷ್ಟು ಸರಿಯಲ್ಲ ಎಂದು ಶುರು ಮಾಡಿದರು. ವಿಮಲಾಬಾಯಿ ತಕ್ಷಣ ಶೀಲಾಗೆ ಫೋನ್ ಹಚ್ಚಿದರು. ಆ ದ್ವೀಪದಲ್ಲಿ ಕರಡಿಯೂ ಇಲ್ಲ, ಹಾವೂ ಇಲ್ಲ ಎಂದು ಶೀಲಾ ಸ್ಪೀಕರಿನಲ್ಲೇ ಹೇಳಿದಳು. ಖಂಡೆಪ್ಪನವರು ಇನ್ನೊಂದು ರೊಟ್ಟಿ ಮುಗಿಯುವವರೆಗೆ ತಡೆದು, ದಾರಿಯಲ್ಲಿ ಪಾಯಿಖಾನೆಗೆ ಹೋದರೆ ಅದನ್ನು ಚೀಲದಲ್ಲಿ ಕಟ್ಟಿ ಕೆಳಗೆ ಹೊತ್ತು ತರಬೇಕಂತೆ ಅಂದರು. ಪಾಪ, ಅದು ಮಾತ್ರ ನಿಜವಾದ ಸಂಗತಿ. ವಿಮಲಾಬಾಯಿ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

“ನಿಮ್ಮ ಮೂರು ಮಕ್ಕಳದ್ದು ಬಳದೀನಿ. ನಂದು ನನಗ ಭಾರ ಆಗಂಗಿಲ್ಲ. ಉಣ್ರಿ” ಅಂದರು.

ಬಾಣ ಎಲ್ಲ ಮುಗಿದವು. ಸಲಾವುದ್ದೀನ್ ತಾಟು ತೊಳೆಯುವ ನೆಪ ಮಾಡಿ ಎದ್ದು ಹೋದ. ಒಡ್ಡಿನ ಮೇಲೆ ಗಂಡ ಹೆಂಡತಿ ಇಬ್ಬರೇ ಉಳಿದರು.

“ವಿಮಲಾ, ನಂದು ತಪ್ಪಾಗ್ಯಾದ.”

“ಏನು, ಬಿ.ಪಿ. ಗುಳಿಗಿ ಮನ್ಯಾಗ ಬಿಟ್ಟು ಬಂದಿರೇನು?”

“ಗುಳಿಗಿ ಅಲ್ಲ. ಗುಡ್ಡ. ಲೆಕ್ಕಾ ತಪ್ಪಾಗ್ಯಾದ. ಎಪ್ಪತ್ತೈದು ಮೀಟರ್ ಅಲ್ಲ ಅದು. ಒಂದೂವರಿ ಸಾವಿರ.”

ವಿಮಲಾಬಾಯಿ ಅವರ ಮುಖ ನೋಡಿದರು. “ಎಷ್ಟು ಪಟ್ಟಾತು?”

“ಇಪ್ಪತ್ತು.”

“ನಾ ಹತ್ತಾಕ ಆಗಂಗಿಲ್ಲ?”

“ಆಗಂಗಿಲ್ಲ.”

ವಿಮಲಾಬಾಯಿ ಬೈಯಲಿಲ್ಲ. ಬೈದಿದ್ದರೆ ಖಂಡೆಪ್ಪನವರು ತಿರುಗಿ ಏನಾದರೂ ಅಂದು ಬಚಾವಾಗುತ್ತಿದ್ದರು. ಅವರು ಬಗ್ಗಿ ಬೂಟಿನ ದಾರ ಬಿಚ್ಚಿದರು. ಎಡಗಾಲಿನದು ತೆಗೆದರು, ಬಲಗಾಲಿನದು ತೆಗೆದರು, ಎರಡನ್ನೂ ಜೋಡಿಸಿ ಪಕ್ಕಕ್ಕಿಟ್ಟರು. ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ಮೂವತ್ನಾಲ್ಕು ವರ್ಷದ ಸರ್ವಿಸ್ಸಿನಲ್ಲಿ ಮೇಲಧಿಕಾರಿಗಳಿಂದ ಏನೇನೋ ಅನ್ನಿಸಿಕೊಂಡಿದ್ದ ಖಂಡೆಪ್ಪನವರಿಗೆ ಆ ಜೋಡಿ ಬೂಟು ನೋಡಿದಷ್ಟು ಅವಮಾನ ಎಂದೂ ಆಗಿರಲಿಲ್ಲ.

ಆಮೇಲೆ ವಿಮಲಾಬಾಯಿ ಕೇಳಿದರು, “ನೀವು ಈಗ ಕುಂತದ್ದು ಯಾರ ಒಡ್ಡು ಗೊತ್ತದ ಏನ್ರೀ?”

“ನಂದು. ಲಗ್ನಾದ ವರ್ಷ ನಾನ ಹಾಕಿಸಿದ್ದು.”

“ನಿಮ್ಮದು ಅಕಾ ಅಲ್ಲಿತ್ತು.” ಅವರು ಇಪ್ಪತ್ತು ಹೆಜ್ಜೆ ಆಚೆಗಿನ ಬಾಳೆಯ ಸಾಲು ತೋರಿಸಿದರು. “ಮೊದಲನೇ ದೊಡ್ಡ ಮಳೀಗೆ ಹರಕೊಂಡು ಹೋತು. ಅಪ್ಪ ಮೂರು ದಿನದಾಗ ಇಲ್ಲಿಗೆ ಸರಿಸಿ ಹೊಸಾದು ಹಾಕಿಸಿದ. ಸಲಾವುದ್ದೀನನೂ ಸಲಿಕಿ ಹಿಡದಿದ್ದ, ಕೇಳ್ರಿ ಬೇಕಾದ್ರ. ಅಳಿಯಗ ಹೆಂಗ ಹೇಳೂದು, ಮನಸಿಗೆ ಹಚ್ಚಿಕೊಂತಾರ ಅಂತ ಅಪ್ಪ ಎಲ್ಲಾರ ಬಾಯಿ ಮುಚ್ಚಿಸಿದ.”

ಖಂಡೆಪ್ಪನವರಿಗೆ ಆ ವರ್ಷದ ದಸರೆ ನೆನಪಾಯಿತು. ಹೊಸ ಅಳಿಯನಾಗಿ ಬಂದು, ಹೋಳಿಗೆ ಉಂಡು, ಇದೇ ಒಡ್ಡಿನ ಮೇಲೆ ನಿಂತು, ನೋಡಿ ಮಾವನವರೇ, ಹೆಂಗ ನಿಂತದ ಎಂದು ಎದೆ ಸೆಟೆಸಿ ಹೇಳಿದ್ದರು. ನಿಮ್ಮ ಕೈಗುಣನ ಹಂಗದ ಬಿಡ್ರಿ ಅಂದಿದ್ದರು ಮಾವ, ಮುಖದ ಒಂದು ಗೆರೆಯೂ ಅಲುಗದಂತೆ. ಸಲಾವುದ್ದೀನ್ ಆಗಲೂ ಪಕ್ಕದಲ್ಲೇ ಇದ್ದ. ಈಗ ಅವನು ಬಾಳೆಯ ಗಿಡವೊಂದರ ಒಣಗಿದ ಎಲೆಯನ್ನು ಬಹಳ ಎಚ್ಚರಿಕೆಯಿಂದ ಕೊಯ್ಯುತ್ತಿದ್ದ. ಒಂದು ಒಡ್ಡು ಹೀಗಾದರೆ ಉಳಿದವು? ಜಿಲ್ಲೆಯ ತುಂಬ ಎಷ್ಟು ಜನ ರೈತರು ಸಾಹೇಬರ ಮನಸ್ಸಿಗೆ ನೋವಾಗಬಾರದೆಂದು ಸಲಿಕೆ ಹಿಡಿದಿದ್ದರೋ. ಒಡೆದದ್ದು ಒಂದನ್ನೂ ಅವರು ನೋಡಿರಲಿಲ್ಲ ಅನ್ನುವುದು ನಿಜ. ಅವರು ನೋಡುವ ಮೊದಲೇ ಸರಿಸಿದ್ದರು. ಈಗಲೂ ಬಸ್ಸಿನಲ್ಲಿ ತಾಜಸುಲ್ತಾನಪುರದ ಕಡೆ ಹೋಗುವಾಗ ಅವರು ಕಿಟಕಿಯಿಂದ ಒಡ್ಡುಗಳನ್ನು ಅನುಮಾನದಿಂದ ನೋಡುತ್ತಾರೆ.

“ಇಷ್ಟು ಗೊತ್ತಿದ್ದೂ ಗುಡ್ಡದ ಲೆಕ್ಕಾ ಯಾಕ ನಂಬಿದಿ?” ಅಂದರು.

“ನನಗ ಹೋಗಬೇಕಾಗಿತ್ತರಿ. ಅದಕ್ಕ ನಂಬಿದೆ.”

ವಿಮಲಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಗುಡ್ಡದ ಕಡೆ ನೋಡಿದರು. ಆಮೇಲೆ ಬೂಟುಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

“ಒಡ್ಡು ಅಪ್ಪ ಸರಿಸಿದ. ಇದನ್ನರ ನೀವ ಬಾಯಿಬಿಟ್ಟು ಹೇಳಿದ್ರಿ. ಇನ್ನೊಂದು ಹೇಳ್ರಿ. ತುದೀ ಮಟ ಆಗಂಗಿಲ್ಲ, ಸರಿ. ನನ್ನ ಮೊಣಕಾಲು ಎಷ್ಟು ಮೀಟರ್ ಹತ್ತತದ, ಅಳದು ಹೇಳ್ರಿ.”

ಲಗ್ನವಾಗಿ ನಲವತ್ತೆರಡು ವರ್ಷದಲ್ಲಿ ಹೆಂಡತಿ ಅವರಿಗೆ ಒಪ್ಪಿಸಿದ ಮೊದಲ ಸರ್ವೆ ಅದು. ಸಲಾವುದ್ದೀನ್ ತನ್ನ ಮನೆಗೆ ಓಡಿ ಹೋಗಿ ಹಳೆಯ ಹ್ಯಾಂಡ್ ಲೆವೆಲ್ ತಂದ, ಮೂವರೂ ತೋಟದ ಹಿಂದಿನ ಗುಡ್ಡದ ಬುಡಕ್ಕೆ ಹೋದರು. ಅಂಗೈಯಗಲದ ಕೊಳವೆ, ಒಳಗೊಂದು ನೀರಿನ ಗುಳ್ಳೆ. ಕೆಲಸ ಬಹಳ ಸಾದಾ. ನಿಂತಲ್ಲಿಂದ ಕೊಳವೆಯಲ್ಲಿ ನೇರ ನೋಡಿದರೆ ಏರಿನ ಮೇಲೆ ಕಣ್ಣಿನ ಮಟ್ಟಕ್ಕೆ ಒಂದು ಜಾಗ ಕಾಣುತ್ತದೆ. ಅಲ್ಲಿಗೆ ಹತ್ತಿ ನಿಂತರೆ ಮನುಷ್ಯನ ಕಣ್ಣಿನ ಎತ್ತರದಷ್ಟು, ಅಂದರೆ ಒಂದೂವರೆ ಮೀಟರ್, ಏರಿದಂತೆ. ಮತ್ತೆ ನೋಡು, ಮತ್ತೆ ಹತ್ತು. ಸಲಾವುದ್ದೀನ್ ಮುಂದೆ ಹೋಗಿ ನಿಲ್ಲುವನು, ಖಂಡೆಪ್ಪನವರು ಅವನ ಪಾದಕ್ಕೆ ಕಣ್ಣು ಹಿಡಿದು ಹೇಳುವರು, ವಿಮಲಾಬಾಯಿ ಅಲ್ಲಿಯವರೆಗೆ ಹತ್ತುವರು. ಹದಿನೈದನೆಯದಕ್ಕೆ ಖಂಡೆಪ್ಪನವರೇ ಉಸ್ಸೆಂದು ಕೂತರು. ಈ ಮನುಷ್ಯ ಜಪಾನಿನ ಶಿಖರಕ್ಕೆ ಹನ್ನೆರಡು ಗಂಟೆಯ ಊಟ ಇಟ್ಟಿದ್ದ.

“ಸಾಬ್, ಬಾಯಿಯವರು ನಿಂತಿಲ್ಲ” ಎಂದು ಮೇಲಿನಿಂದ ಸಲಾವುದ್ದೀನ್ ಕೂಗಿದ.

ಖಂಡೆಪ್ಪನವರು ಎದ್ದು ಮತ್ತೆ ಕೊಳವೆ ಹಿಡಿದರು. ಮೂವತ್ತಾರನೆಯದಕ್ಕೆ ವಿಮಲಾಬಾಯಿಯ ಮೊಣಕಾಲು ನಿಲ್ಲು ಅಂದಿತು. ಐವತ್ನಾಲ್ಕು ಮೀಟರ್. ಮರುದಿನದಿಂದ ಕುಸನೂರಿನ ನಡಿಗೆ ಬಂದಾಯಿತು. ದಿನ ಬಿಟ್ಟು ದಿನ ಕಮಲಾಪುರದ ಬಸ್ಸು. ಗುಡ್ಡದ ನೆತ್ತಿಯೇ ಅರವತ್ತು ಮೀಟರಿಗೆ ಮುಗಿದುಹೋಗುತ್ತಿತ್ತು. ಮೊದಲ ಸಲ ಮೇಲೆ ಮುಟ್ಟಿದ ದಿನ ವಿಮಲಾಬಾಯಿ ಬಹಳ ಹೊತ್ತು ಕೆಳಗೆ ನೋಡುತ್ತ ನಿಂತು, “ಅಣ್ಣಗಳು ಬರೇ ಸುಳ್ಳು ಹೇಳಿದ್ರು, ಕಲಬುರಗಿ ಎಲ್ಲಿ ಕಾಣ್ತದ” ಅಂದರು. ಕೊನೆಯ ವಾರ ಆ ಗುಡ್ಡವನ್ನೇ ಒಂದೇ ಬೆಳಿಗ್ಗೆ ಮೂರು ಸಲ ಹತ್ತಿ ಇಳಿದರು. ಒಟ್ಟು ನೂರಾ ಎಂಬತ್ತು ಮೀಟರ್. ಖಂಡೆಪ್ಪನವರು ಮಗಳಿಗೂ ಫೋನಿನಲ್ಲಿ ಇನ್ನೊಮ್ಮೆ ಆ ಕಷ್ಟದ ಮಾತು ಹೇಳಿದರು. ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಶೀಲಾ ದೋಣಿಯ ದಿನ ಬದಲಾಯಿಸಿ, ದ್ವೀಪದಲ್ಲಿ ಎರಡು ರಾತ್ರಿ ಉಳಿಯುವಂತೆ ಮಾಡಿದಳು. ಮೊದಲ ದಿನ ಅವ್ವನದು. ಮರುದಿನ ಬೆಳಗಾಗುವ ಮೊದಲೇ ಜಪಾನಿನ ಸಹೋದ್ಯೋಗಿಗಳ ಜೊತೆ ಅವಳು ಹೂವಿಗೆ ಹೋಗುವುದು.

ಖಂಡೆಪ್ಪನವರು ನಕ್ಷೆಯನ್ನು ಮತ್ತೆ ಮೇಜಿನ ಮೇಲೆ ಹರವಿದರು. ಟೆಂಟಿನ ಬಯಲು ಇನ್ನೂರಿಪ್ಪತ್ತು ಮೀಟರ್. ಸ್ವಲ್ಪ ಮೇಲೆ ಒಂದು ಸಿಹಿನೀರಿನ ಒರತೆ, ಅದು ಮೂರನೆಯ ಪಾಲು. ಅಲ್ಲಿಂದ ಮುಂದೆ ಹಕ್ಕಿಗಳ ಕಾಡು ಎಂದು ಫಲಕವಿರುವ ನಾಲ್ಕನೆಯ ಪಾಲು, ಮುನ್ನೂರ ತೊಂಬತ್ತು. ಏರು ನೂರಾ ಎಪ್ಪತ್ತು. ಮೂರು ಸಲ ಲೆಕ್ಕ ಹಾಕಿ, ಸಲಾವುದ್ದೀನನಿಗೆ ಫೋನ್ ಮಾಡಿ ಅವನಿಂದಲೂ ಕೂಡಿಸಿ ಕಳೆಯಿಸಿ, ಅಲ್ಲಿ ದಾರಿಗೆ ಅಡ್ಡವಾಗಿ ಕೆಂಪು ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಅದರ ಒಂದು ಪ್ರತಿ ವಿಮಲಾಬಾಯಿಯ ಚೀಲಕ್ಕೆ ಹೋಯಿತು.

“ಇದರ ಮ್ಯಾಲ ಹೋಗಬ್ಯಾಡ. ಈ ಸಲ ಸರಿ ಹಾಕೀನಿ” ಅಂದರು. ಸಹಿ ಮಾಡಲಿಲ್ಲ.

ಜುಲೈ ಹನ್ನೆರಡರಂದು ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. ಅಲ್ಲಿ ಆಗಲೇ ಹನ್ನೊಂದು. ಖಂಡೆಪ್ಪನವರು ಚಹಾ ಆರಿಸಿಕೊಂಡು ನಕ್ಷೆಯ ಮುಂದೆಯೇ ಕೂತಿದ್ದರು. ಪರದೆಯ ಮೇಲೆ ಮೊದಲು ಎಲೆಗಳು ಕಂಡವು, ಆಮೇಲೆ ಕೆಸರು ಮೆತ್ತಿದ ಬಿಳಿ ಬೂಟು, ಆಮೇಲೆ ಬೆವರಿದ ವಿಮಲಾಬಾಯಿ. ತಲೆಗೆ ಶೀಲಾಳ ಟೋಪಿ.

“ರೀ, ಕಾಣಾಕತ್ತದೇನ್ರೀ?”

“ಕಾಣ್ತದ. ನಾಲ್ಕನೇ ಪಾಲು ಮುಟ್ಟಿದೇನು?”

“ಅದು ಹಿಂದ ಉಳಿತರಿ. ಅರ್ಧ ತಾಸಾತು.”

ಖಂಡೆಪ್ಪನವರು ಕುರ್ಚಿಯಿಂದ ಅರ್ಧ ಎದ್ದರು. “ಮೊಣಕಾಲು?”

“ಅದು ಏನೂ ಅನ್ನವಲ್ದು. ನಿಮ್ಮ ಒಡ್ಡು ಸ್ವಲ್ಪ ತೆಳಗ ಬಿದ್ದಿತ್ತು, ನಾ ಮ್ಯಾಲ ಸರಿಸೀನಿ. ಅಪ್ಪನಂಗ ಮುಚ್ಚಿಡಂಗಿಲ್ಲ ನಾ, ನಿಮ್ಮ ಮುಂದ ಹೇಳಾಕತ್ತೀನಿ ನೋಡ್ರಿ.” ಅವರು ಫೋನನ್ನು ಆಚೆ ತಿರುಗಿಸಿದರು. ಮರಗಳ ಸಂದಿಯಲ್ಲಿ, ಬಹಳ ಕೆಳಗೆ, ನೀಲಿ ಸಮುದ್ರ ಕಂಡಿತು. “ಇದು ನಿಮ್ಮ ಗೆರೀ ಹತ್ರ ಕಾಣತಿದ್ದಿಲ್ಲ.”

“ಇಳಿಯಾಕ ಬೇಕಾದಷ್ಟು ಟೈಮ್ ಅದ ಅಪ್ಪಾ, ಕಾಳಜಿ ಮಾಡಬ್ಯಾಡ” ಎಂದು ಹಿಂದಿನಿಂದ ಶೀಲಾಳ ದನಿ ಬಂತು.

ಖಂಡೆಪ್ಪನವರಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಅವರು ರಬ್ಬರ್ ತೆಗೆದುಕೊಂಡು ನಾಲ್ಕನೆಯ ಪಾಲಿನ ಮೇಲಿದ್ದ ಕೆಂಪು ಗೆರೆಯನ್ನು ಅಳಿಸಿದರು. ಪುಡಿಯನ್ನು ಊದಿದರು. ಆಮೇಲೆ, ಜನ್ಮದಲ್ಲಿ ಯಾವ ಹೊಲದ ಯಜಮಾನನನ್ನೂ ಕೇಳದಿದ್ದ ಮಾತನ್ನು ಕೇಳಿದರು.

“ಎಲ್ಲಿ ಹಾಕ್ಲಿ, ಹೇಳು.”

“ತಡೀರಿ, ನಾ ಇನ್ನಾ ನಿಂತಿಲ್ಲ” ಅಂದರು ವಿಮಲಾಬಾಯಿ.

ಖಂಡೆಪ್ಪನವರು ಪೆನ್ಸಿಲ್ ಹಿಡಿದುಕೊಂಡು ಕಾದರು.